ಆರವ್ ಅಂದರೆ 'ಶಾಂತ'ವಂತೆ!

ಇನ್ನೊಂದು ನಾಮಕರಣದ ಕರೆಯೋಲೆ ವಾಟ್ಸಾಪಿಗೆ ಬಂದು ಬಿತ್ತು. ಮಗುವಿನ ಹೆಸರು ಆರವ್. ಕೆಳಗೆ ಬಂಗಾರದ ಬಣ್ಣದಲ್ಲಿ 'ಅರ್ಥ: ಶಾಂತ ಸ್ವಭಾವದವನು'. ನನ್ನ ವ್ಯಾಕರಣದ ಹುಚ್ಚು ನಿಮಗೆ ಗೊತ್ತೇ ಇದೆ. ಆ ಗುಂಪಿನಲ್ಲಿ ಬಾಯಿ ಬಿಟ್ಟರೆ ಹೋಳಿಗೆ ಊಟಕ್ಕೆ ಕುತ್ತು, ಅದಕ್ಕೇ ಇಲ್ಲಿ ಕಾರ್ತಿದ್ದೀನಿ.

ಸಂಸ್ಕೃತದಲ್ಲಿ ಆರವ ಅಂದರೆ ಸದ್ದು. ಕೂಗು, ಗದ್ದಲ. 'ರು' ಧಾತುವಿಗೆ ಶಬ್ದ ಮಾಡು ಅಂತ ಅರ್ಥ. ಅದರ ಉಕಾರ ಓಕಾರಕ್ಕೆ ತಿರುಗಿ (ವ್ಯಾಕರಣದಲ್ಲಿ ಇದಕ್ಕೆ 'ಗುಣ' ಅಂತಾರೆ) 'ರೋ', ಮುಂದೆ 'ಅ' ಪ್ರತ್ಯಯ ಸೇರಿದಾಗ ಓಕಾರ 'ಅವ್' ಆಗಿ 'ರವ'. ಹಕ್ಕಿಗಳ ಕಲರವ ಅಂತೀವಲ್ಲ, ಅದೇ. ಮೊದಲಿಗೆ 'ಆ' ಉಪಸರ್ಗ ಹತ್ತಿದರೆ ಆರವ. ಪಾಣಿನಿಯ ಸಂಸ್ಕೃತ ವ್ಯಾಕರಣದ 3.3.50ನೇ ಸೂತ್ರದ ಪ್ರಕಾರ ಆರವ, ಆರಾವ ಎರಡೂ ಸರಿ. ಹಳೆಯ ಸಂಸ್ಕೃತ ಪದಕೋಶ ಅಮರಕೋಶದ ಶಬ್ದಾದಿವರ್ಗದಲ್ಲಿ ಆರವ, ಆರಾವ, ಸಂರಾವ, ವಿರಾವ ಸಾಲಾಗಿ ಕೂತಿವೆ. ನಾಲ್ಕೂ ಗಲಾಟೆಯವೇ!

ಸಂಸ್ಕೃತದಲ್ಲಿ 'ಇಲ್ಲ' ಅನ್ನೋದು ಹ್ರಸ್ವ 'ಅ': ಅಭಯ, ಅಮರ, ಅಜಯ. ಅರವ ಅಂದಿದ್ದರೆ ಸದ್ದಿಲ್ಲದವನು ಅನ್ನಬಹುದಿತ್ತು. ದೀರ್ಘ 'ಆ'ಗೆ ಆ ಕೆಲಸ ಇಲ್ಲ. ಆದರೆ ಮಗುವಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಹುಡುಕುವವರಿಗೆ ಒಂದು 'ಎ' ಬಿದ್ದರೇನು, ಎರಡು ಬಿದ್ದರೇನು.

'ಕೇಳೋಕೆ ಚೆಂದ ಇದ್ರೆ ಸಾಕಲ್ವಾ, ಅರ್ಥ ಯಾರು ನೋಡ್ತಾರೆ' ಅಂತೀರಾ? ಸರಿ ಸ್ವಾಮಿ, ಹಾಗಿದ್ದರೆ ಅರ್ಥ ಹಾಕಿಸಿದ್ದು ಯಾಕೆ? ಹೆಸರಿನ ಮೇಲೆ ನನಗೇನೂ ತಕರಾರಿಲ್ಲ, ನಿಜ ಹೇಳಬೇಕೆಂದರೆ ಇಷ್ಟವೇ. ರಾತ್ರಿಯೆಲ್ಲ ಮನೆ ಎಬ್ಬಿಸುವ ಕೂಸಿಗೆ ಇದಕ್ಕಿಂತ ಒಪ್ಪುವ ಹೆಸರುಂಟೇ? ಕೈಲಾಸದಡಿ ಕೈ ಸಿಕ್ಕಿಕೊಂಡ ದಶಗ್ರೀವ ಅರಚಿದ್ದಕ್ಕೆ ಮೂರು ಲೋಕ ನಡುಗಿ, ಶಿವ ಅವನಿಗೆ ರಾವಣ ಅಂತ ಹೆಸರು ಕೊಟ್ಟ ಎನ್ನುತ್ತದೆ ವಾಲ್ಮೀಕಿಯ ಉತ್ತರಕಾಂಡ. ಅಲ್ಲೂ ಇದೇ 'ರು' ಧಾತು. ಇದನ್ನು ಬಂಗಾರದ ಬಣ್ಣದಲ್ಲಿ ಹಾಕಿಸಿ ನೋಡೋಣ.

ಶಾಂತಿಯೇ ಬೇಕಿದ್ದರೆ 'ನೀರವ' ಇದೆಯಲ್ಲ. ನಿರ್ ಮತ್ತು ರವ. ಎರಡು ರಕಾರ ಎದುರಾದರೆ ಮೊದಲನೆಯದು ಬಿದ್ದು ಹಿಂದಿನ 'ಇ' ದೀರ್ಘವಾಗುತ್ತದೆ; ನೀರಸ, ನೀರೋಗ ಆದದ್ದೂ ಹೀಗೇ.

ಹೆಸರು ಹುಡುಕುತ್ತಿರುವವರು ದಯವಿಟ್ಟು ಮೊದಲು ಅದನ್ನು ಕನ್ನಡದಲ್ಲಿ ಬರೆಯಿರಿ. ಮೊದಲಕ್ಷರ ಹ್ರಸ್ವವೋ ದೀರ್ಘವೋ ನೋಡಿ, ಉಪಸರ್ಗ ಇದ್ದರೆ ಬಿಡಿಸಿ, ಆಮೇಲೆ ನಿಘಂಟು ತೆರೆಯಿರಿ. ಯಾವ ನಿಘಂಟಿನಲ್ಲೂ ಸಿಗದಿದ್ದರೆ ಹೆಸರು ಇಟ್ಟುಕೊಳ್ಳಿ, ಅರ್ಥದ ಸಾಲು ತೆಗೆಸಿ.