ಕಂಬದ ನಂಬರ್ ಎಲ್ಲಿದೆ ಸಾರ್?

ಚೆನ್ನಾಗಿ ಬರೆಯುವುದು ಹೇಗೆಂದು ಬಲ್ಲವರನ್ನು ಕೇಳಿದರೆ, "ಬಹಳ ಓದಿ, ದಿನವೂ ಬರೆಯಿರಿ" ಎನ್ನುತ್ತಾರೆ. ಈ ಉತ್ತರದಲ್ಲಿ ತಪ್ಪು ಹುಡುಕಲಾಗದು, ಉಪಯೋಗವನ್ನೂ ಹುಡುಕಲಾಗದು. ಹಳಬರ ಮೊರೆಹೋಗೋಣವೆಂದರೆ, ಗದುಗಿನ ಕುಮಾರವ್ಯಾಸ ತಾನು ಹಲಗೆ ಬಳಪ ಹಿಡಿದವನಲ್ಲ, ಒಮ್ಮೆ ಇಟ್ಟ ಪದವನ್ನು ಅಳಿಸಿದವನೂ ಅಲ್ಲ ಎಂದು ಹೇಳಿಕೊಂಡು, ಬರೆದದ್ದಕ್ಕಿಂತ ಹೊಡೆದುಹಾಕಿದ್ದೇ ಹೆಚ್ಚಾಗಿರುವ ನಮ್ಮಂಥವರ ಬಾಯಿ ಮುಚ್ಚಿಸಿದ್ದಾನೆ. 9ನೆಯ ಶತಮಾನದ 'ಕವಿರಾಜಮಾರ್ಗ'ವಂತೂ ಈ ನಾಡಿನ ಜನ ಓದದೆಯೇ ಕಾವ್ಯದಲ್ಲಿ ನುರಿತವರೆಂದು ಹೊಗಳಿಬಿಟ್ಟಿದೆ. ಈ ಪ್ರಮಾಣಪತ್ರವನ್ನು ನೆನಪಿಸಿದಾಗ, ಪತ್ರಿಕೆಯೊಂದರ ಉಪಸಂಪಾದಕರು ಅದರ ಅವಧಿ ಮುಗಿದಿದೆ ಎಂದರು.

ಆದರೆ ಅದೇ ಗ್ರಂಥ, ಸಂಸ್ಕೃತ ಕನ್ನಡಗಳನ್ನು ಹದವರಿಯದೆ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತಾಗುತ್ತದೆ ಎಂದೂ ಎಚ್ಚರಿಸುತ್ತದೆ. ಇದು ಅಡುಗೆಮನೆ ಬಲ್ಲವರ ಮಾತು, ನಂಬಬಹುದು.

ನನ್ನ ಹಾಲು ಒಡೆದದ್ದು ಒಂದು ಅರ್ಜಿಯಲ್ಲಿ. ಬೀದಿಯ ದೀಪ ಕೆಟ್ಟಾಗ, ಬಡಾವಣೆಯಲ್ಲಿ 'ಬರೆಯುವವರು' ಎಂಬ ಖ್ಯಾತಿ ನನಗೊಬ್ಬನಿಗೇ ಇದ್ದುದರಿಂದ ದೂರು ಬರೆಯುವ ಹೊಣೆ ನನ್ನ ಪಾಲಿಗೆ ಬಂತು. "ನಿಬಿಡಕತ್ತಲಾವೃತ ಬೀದಿಯಲ್ಲಿ ನಾಗರಿಕರ ನಿರೀಕ್ಷಾನೇತ್ರಗಳು" ಎಂದು ಆರಂಭಿಸಿ ಎರಡು ಪುಟ ತುಂಬಿಸಿದೆ. ಕಚೇರಿಯ ಗುಮಾಸ್ತರು ಅದನ್ನು ಪೂರ್ತಿ ಓದಿದರು (ನನ್ನ ಬರಹವನ್ನು ಕೊನೆಯವರೆಗೆ ಓದಿದವರು ವಿರಳ), ಹಿಂಬದಿಯನ್ನೂ ತಿರುಗಿಸಿ ನೋಡಿ ಕೇಳಿದರು: "ಕಂಬದ ನಂಬರ್ ಎಲ್ಲಿದೆ ಸಾರ್? ಕತ್ತಲೆಯ ಬಗ್ಗೆ ಎಲ್ಲವನ್ನೂ ಬರೆದಿದ್ದೀರಿ, ಅದು ಯಾವ ಬೀದಿಯಲ್ಲಿದೆ ಎಂಬುದೊಂದನ್ನು ಬಿಟ್ಟು."

ಇಷ್ಟು ಹೇಳಿ ಸುಮ್ಮನಾಗದೆ, ಕಡತದಿಂದ ಹೂ ಮಾರುವ ಹೆಂಗಸೊಬ್ಬರ ಅರ್ಜಿಯನ್ನು ತೆಗೆದು ಮಾದರಿಯಾಗಿ ಮುಂದಿಟ್ಟರು. "ಗಣಪತಿ ಗುಡಿ ಎದುರಿನ ಕಂಬದ ದೀಪ ಹೋಗಿದೆ. ಕಂಬದ ಬುಡದಲ್ಲಿ ಕರಿ ನಾಯಿ ಮಲಗುತ್ತದೆ. ಕಾಣುವುದಿಲ್ಲ. ತುಳಿದರೆ ಕಚ್ಚುತ್ತದೆ. ನನಗೆ ಕಚ್ಚಿದೆ." ಒಂದೇ ಒಂದು ವಿಶೇಷಣ, ಅದೂ ನಾಯಿಯ ಬಣ್ಣ, ಆ ಬಣ್ಣವಿಲ್ಲದಿದ್ದರೆ ದೂರಿಗೆ ಅರ್ಧ ಬಲವೂ ಇರುತ್ತಿರಲಿಲ್ಲ. ಕೊನೆಯ ಎರಡು ಪದಗಳನ್ನು ಓದಿದಾಗ ನನಗಾದ ಅಸೂಯೆ, ಪ್ರಶಸ್ತಿ ಪಡೆದ ಮಿತ್ರರನ್ನು ಅಭಿನಂದಿಸುವಾಗಲೂ ಆದದ್ದಿಲ್ಲ.

ಇಂಥ ವಿಮರ್ಶಕರನ್ನು ಬಿಡಬಾರದೆಂದು, ಮುಂದಿನ ವಾರ ನನ್ನ ಹೊಸ ಕಥೆಯನ್ನೇ ಹಿಡಿದುಕೊಂಡು ಹೋದೆ. ಅವರು ಊಟದ ಬಿಡುವಿನಲ್ಲಿ ಮೊದಲ ಪುಟವನ್ನು ಗಂಭೀರವಾಗಿ ಓದಿ, ಕನ್ನಡಕ ತೆಗೆದು, ಬಹಳ ವಿನಯದಿಂದ ಹಿಂದಿರುಗಿಸಿದರು: "ಇದು ನಮ್ಮ ಉಪವಿಭಾಗಕ್ಕೆ ಬರುವುದಿಲ್ಲ ಸಾರ್."