ಪ್ರೇಡರ್-ವಿಲಿ ಕೂಸಿಗೆ ವರ್ಷ ತುಂಬುವ ಮೊದಲೇ ಗ್ರೋತ್ ಹಾರ್ಮೋನ್ ಬೇಕೇ?

ಪರ: ಸ್ನಾಯು ಕಟ್ಟುವ ಕಾಲ ಕಾಯುವುದಿಲ್ಲ

ಪ್ರೇಡರ್-ವಿಲಿ ಸಿಂಡ್ರೋಮ್ ಇರುವ ಕೂಸನ್ನು ಕಂಕುಳಿಗೆ ಕೈಕೊಟ್ಟು ಎತ್ತಿದರೆ ಕೈಯಿಂದ ಜಾರಿಹೋಗುವಂತಿರುತ್ತದೆ. ಕತ್ತು ನಿಲ್ಲುವುದಿಲ್ಲ, ಅಳು ಕ್ಷೀಣ. ಮೊಲೆ ಚೀಪುವ ಶಕ್ತಿಯಿಲ್ಲದೆ ಎಷ್ಟೋ ಕೂಸುಗಳಿಗೆ ಮೂಗಿನ ನಳಿಕೆಯಲ್ಲೇ ಹಾಲು ಹೋಗಬೇಕು. 15ನೇ ಕ್ರೋಮೋಸೋಮಿನ ಒಂದು ಭಾಗದಲ್ಲಿ ತಂದೆಯ ಕಡೆಯಿಂದ ಬರಬೇಕಾದ ಜೀನುಗಳು ಕೆಲಸ ಮಾಡದಿರುವುದೇ ಇದಕ್ಕೆ ಕಾರಣ. ಜೀನುಗಳ ಮೇಲಿನ ರಾಸಾಯನಿಕ ಗುರುತುಗಳನ್ನು ನೋಡುವ ಮೀಥೈಲೇಷನ್ ಪರೀಕ್ಷೆಯಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಪ್ರಕರಣಗಳು ಪತ್ತೆಯಾಗುತ್ತವೆ. ಹುಟ್ಟಿದ ಕೆಲವೇ ವಾರಗಳಲ್ಲಿ ಕಾಯಿಲೆ ಇದೆಂದು ತಿಳಿದ ಮೇಲೆ ಮಗು ನಡೆಯುವ ತನಕ ಕಾಯುವುದೇಕೆ?

ಗ್ರೋತ್ ಹಾರ್ಮೋನನ್ನು ಎತ್ತರದ ಔಷಧಿ ಎಂದುಕೊಂಡಿರುವುದರಿಂದಲೇ ತಡವಾಗುತ್ತಿದೆ. ಎತ್ತರವೂ ಸಿಗುತ್ತದೆ, ನಿಜ. ಚಿಕಿತ್ಸೆಯಿಲ್ಲದ ಗಂಡಸರು ಸರಾಸರಿ 155 ಸೆಂ.ಮೀ., ಹೆಂಗಸರು 148 ಸೆಂ.ಮೀ. ಆಸುಪಾಸಿನಲ್ಲಿ ನಿಲ್ಲುತ್ತಾರೆ. ಆದರೆ ಕೂಸಿಗೆ ಬೇಕಿರುವುದು ಸ್ನಾಯು. ತೂಕ ಕಡಿಮೆಯಿದ್ದು ಬಡಕಲಾಗಿ ಕಾಣುವಾಗಲೂ ಈ ಮಕ್ಕಳ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬಿನ ಪಾಲು ಹೆಚ್ಚು. ಹಾರ್ಮೋನ್ ಆ ಲೆಕ್ಕವನ್ನು ಸ್ನಾಯುವಿನ ಕಡೆಗೆ ವಾಲಿಸುತ್ತದೆ. ಕತ್ತು ನಿಂತು, ಕೂತು, ತೆವಳಿ ಕಲಿಯುವ ತಿಂಗಳುಗಳು ಇವೇ ಆದ್ದರಿಂದ ಬಲ ಈಗಲೇ ಬೇಕು.

ಡೋಸ್ ತೀರಾ ಸಣ್ಣದು. ಮೈಯ ಮೇಲ್ಮೈ ಒಂದು ಚದರ ಮೀಟರಿಗೆ ದಿನಕ್ಕೆ 0.5 ಮಿ.ಗ್ರಾಂ.ನಿಂದ ಶುರು. ಐದೂವರೆ ಕಿಲೋ ತೂಕ, 60 ಸೆಂ.ಮೀ. ಉದ್ದದ ಕೂಸಿನ ಮೇಲ್ಮೈ ಸುಮಾರು 0.3 ಚದರ ಮೀಟರ್, ಅಂದರೆ ರಾತ್ರಿಗೊಮ್ಮೆ ಕೊಡುವ ಸೂಜಿಯಲ್ಲಿ 0.15 ಮಿ.ಗ್ರಾಂ. ರಕ್ತದಲ್ಲಿ ಐಜಿಎಫ್-1 (ಗ್ರೋತ್ ಹಾರ್ಮೋನಿನ ಪ್ರಭಾವದಿಂದ ದೇಹ ತಯಾರಿಸುವ ಬೆಳವಣಿಗೆಯ ಅಂಶ) ಮಟ್ಟ ನೋಡಿಕೊಂಡು 3ರಿಂದ 6 ತಿಂಗಳಲ್ಲಿ ಚದರ ಮೀಟರಿಗೆ 1 ಮಿ.ಗ್ರಾಂ. ಲೆಕ್ಕಕ್ಕೆ ಏರಿಸುತ್ತಾರೆ. ಜೀನ್ ಪರೀಕ್ಷೆಯಲ್ಲಿ ಖಚಿತವಾದ ಮಕ್ಕಳಿಗೆ, ಹಾರ್ಮೋನ್ ಕೊರತೆಯಿದೆಯೇ ಎಂದು ಉಪವಾಸವಿರಿಸಿ ಮತ್ತೆ ಮತ್ತೆ ರಕ್ತ ತೆಗೆಯುವ ಪ್ರಚೋದನಾ ಪರೀಕ್ಷೆ ಬೇಕಿಲ್ಲ. ಅದಕ್ಕಾಗಿ ಕೂಸನ್ನು ಗೋಳಾಡಿಸಬೇಡಿ.

ಖರ್ಚಿನ ಹೆದರಿಕೆ ಸಹಜ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಪ್ರೇಡರ್-ವಿಲಿಗೆ ಗ್ರೋತ್ ಹಾರ್ಮೋನ್ ಸೇರಿದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿ, ಆ ನೀತಿಯಡಿಯ ಕೇಂದ್ರಗಳಲ್ಲೊಂದು. ಅಲ್ಲಿ ಬೇಗ ಹೆಸರು ನೋಂದಾಯಿಸಿ.

ವಿರೋಧ: ಮೊದಲು ಉಸಿರು, ಆಮೇಲೆ ಸೂಜಿ

ಔಷಧಿ ಬೇಡವೆಂದು ನಾವು ಹೇಳುತ್ತಿಲ್ಲ. ವರ್ಷದೊಳಗಿನ ಕೂಸಿಗೆ, ತಯಾರಿಯಿಲ್ಲದೆ ಆತುರದಲ್ಲಿ ಬೇಡ ಎನ್ನುತ್ತಿದ್ದೇವೆ.

2000ದಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಹಾರ್ಮೋನ್ ಒಪ್ಪಿಗೆಯಾದ ಕೆಲವೇ ವರ್ಷಗಳಲ್ಲಿ, ಚಿಕಿತ್ಸೆಯಲ್ಲಿದ್ದ ಮಕ್ಕಳ ಸಾವಿನ ವರದಿಗಳು ಬಂದವು. ಹೆಚ್ಚಿನವರಿಗೆ ವಿಪರೀತ ಬೊಜ್ಜು, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಅಥವಾ ಎದೆಯ ಸೋಂಕು ಇತ್ತು. ಹಾರ್ಮೋನಿನಿಂದಲೇ ಸತ್ತರು ಎನ್ನಲಾಗದು. ಆದರೆ ಐಜಿಎಫ್-1 ಮಿತಿಮೀರಿ ಏರಿದರೆ ಟಾನ್ಸಿಲ್, ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ಊದಿಕೊಂಡು, ಮೊದಲೇ ಸಡಿಲವಾದ ಗಂಟಲು ಇನ್ನಷ್ಟು ಕಿರಿದಾಗಬಹುದು. ಕೂಸುಗಳಲ್ಲಂತೂ ಮಿದುಳೇ ಉಸಿರಾಟದ ಸೂಚನೆ ಕೊಡದೆ ಸುಮ್ಮನಾಗುವುದುಂಟು. ಹಾಗಾಗಿ ಶುರುವಿಗೆ ಮುಂಚೆ ಒಮ್ಮೆ, ಶುರುವಾದ 3ರಿಂದ 6 ತಿಂಗಳೊಳಗೆ ಇನ್ನೊಮ್ಮೆ ಇಡೀ ರಾತ್ರಿಯ ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟವನ್ನು ಅಳೆಯುವ ಪರೀಕ್ಷೆ) ಆಗಲೇಬೇಕು. ಕೂಸುಗಳಿಗೆ ಇದನ್ನು ಮಾಡುವವರು ದೊಡ್ಡ ಊರುಗಳಲ್ಲಿ ಮಾತ್ರ. ಅದಿಲ್ಲದೆ ಸೂಜಿ ಹಿಡಿಯುವುದನ್ನು ನಾವು ಒಪ್ಪುವುದಿಲ್ಲ.

ತಪ್ಪುಗಳು ಮನೆಯಲ್ಲೂ ಆಗುತ್ತವೆ. 1 ಮಿ.ಗ್ರಾಂ. ಎಂದರೆ 3 ಯೂನಿಟ್. ಮೇಲೆ ಹೇಳಿದ 0.15 ಮಿ.ಗ್ರಾಂ. ಅಂದರೆ 0.45 ಯೂನಿಟ್. ಚೀಟಿ ಒಂದು ಅಳತೆಯಲ್ಲಿ, ಬಾಟಲಿ ಇನ್ನೊಂದರಲ್ಲಿ ಇದ್ದು ಗೊಂದಲವಾದರೆ ಡೋಸ್ ಮೂರು ಪಟ್ಟಾಗಬಹುದು, ಇಲ್ಲವೇ ಮೂರನೇ ಒಂದು ಪಾಲಿಗೆ ಇಳಿಯಬಹುದು. ಇನ್ಸುಲಿನ್ ಸಿರಿಂಜಿನ ಮೇಲಿನ ಯೂನಿಟ್ ಗೆರೆಗಳು ಇನ್ಸುಲಿನ್ನಿನ ಲೆಕ್ಕದವು, ಈ ಹಾರ್ಮೋನಿನವಲ್ಲ. ಕೆಲವು ಬಾಟಲಿಗಳ ಜೊತೆ ಬರುವ ದ್ರಾವಣದಲ್ಲಿ ಬೆಂಜೈಲ್ ಆಲ್ಕೋಹಾಲ್ ಎಂಬ ಸಂರಕ್ಷಕ ಇರುತ್ತದೆ. ಎಳೆಗೂಸಿಗೆ ಅದು ಅಪಾಯ, ಲೇಬಲ್ ಓದಿ. ಔಷಧಿ 2ರಿಂದ 8 ಡಿಗ್ರಿಯಲ್ಲಿರಬೇಕು. ಐಸ್ ಪೆಟ್ಟಿಗೆಗೆ ಒತ್ತಿಕೊಂಡು ಹೆಪ್ಪುಗಟ್ಟಿದರೆ ಕರಗಿಸಿ ಬಳಸಬೇಡಿ, ಎಸೆಯಿರಿ. 5 ಮಿ.ಗ್ರಾಂ.ನ ಕಾರ್ಟ್ರಿಡ್ಜ್ (ಪೆನ್ನಿಗೆ ಹಾಕುವ ಔಷಧಿ ಕೊಳವೆ) ತೆರೆದರೆ ಸಾಮಾನ್ಯವಾಗಿ 28 ದಿನವಷ್ಟೇ ಬಳಸಬಹುದು. ಅಷ್ಟರಲ್ಲಿ ಈ ಕೂಸಿಗೆ ಖರ್ಚಾಗುವುದು 4.2 ಮಿ.ಗ್ರಾಂ. ಉಳಿದ ದುಬಾರಿ ಹನಿಗಳನ್ನು ಮುಂದಿನ ವಾರಕ್ಕೆಂದು ಇಡುವುದನ್ನು ಕಂಡಾಗ ಸಂಕಟವಾಗುತ್ತದೆ, ಆದರೂ ಬೇಡ.

ಇನ್ನೊಂದು ಮಾತು. ಮುಂದೆ ಬಾಲ್ಯದಲ್ಲಿ ಬರುವ ತಣಿಯದ ಹಸಿವನ್ನು ಈ ಸೂಜಿ ನೀಗಿಸುವುದಿಲ್ಲ. ಅಡುಗೆಮನೆಗೆ ಬೀಗ ಹಾಕುವ ದಿನ ಬಂದೇ ಬರಬಹುದು.

ಎಲ್ಲ ತಯಾರಿಯೊಂದಿಗೆ ಶುರು ಮಾಡಿದ ಮೇಲೂ, ಹಿಂದೆ ಇಲ್ಲದ ಗೊರಕೆ ಕೇಳಿಸಿದರೆ, ಇದ್ದ ಗೊರಕೆ ಜೋರಾದರೆ, ಅಂದಿನ ಸೂಜಿ ಕೊಡುವ ಮೊದಲೇ ವೈದ್ಯರಿಗೆ ಫೋನ್ ಮಾಡಿ.