ಮಳೆಗಾಲದಲ್ಲಿ ಅಗಸೆ ಎಣ್ಣೆ ಒಂದೇ ದಿನಕ್ಕೆ ಒಣಗಲ್ಲ ಸ್ವಾಮಿ

ಮರದ ವೇಪ್ (ಇ-ಸಿಗರೇಟ್) ಡಬ್ಬಿಯನ್ನು ಮನೆಯಲ್ಲೇ ಕೊರೆದು ಅಗಸೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟರೆ ಸಾಕು ಅಂತ ಬರೆದಿದ್ದೀರಿ. ವೇಪ್ ತಯಾರಿಸುವುದು, ಮಾರುವುದು ನಮ್ಮಲ್ಲಿ 2019ರ ಕಾಯ್ದೆಯಿಂದ ನಿಷೇಧ, ಅದಿರಲಿ. ನಾನು ಸಾಗರದ ಕಡೆಯವನು, ಹಲಸಿನ ತುಂಡಿನಲ್ಲಿ ಎಲೆ ಅಡಿಕೆ ಡಬ್ಬಿ ಮಾಡುವ ಹುಚ್ಚು. ಹೋದ ಆಷಾಢದಲ್ಲಿ ಹಚ್ಚಿದ ಎಣ್ಣೆ ಹದಿನೈದು ದಿನ ಅಂಟಂಟಾಗೇ ಇತ್ತು, ಅವಸರಕ್ಕೆ ಒಲೆ ಮೇಲಿನ ಅಟ್ಟದಲ್ಲಿಟ್ಟೆ, ಮುಚ್ಚಳ ಸೀಳಿಬಿಟ್ಟಿತು! ಹಸಿ ಮರ ಬೇರೆ, ತಪ್ಪು ನನ್ನದೇ. ಈಗ 120 ನಂಬರಿನ ಒರಟು ಉಪ್ಪುಕಾಗದದಿಂದ ಶುರು ಮಾಡಿ 240, 400ರ ನಯ ಕಾಗದದವರೆಗೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಎದ್ದ ನಾರನ್ನು ಮತ್ತೊಮ್ಮೆ ಉಜ್ಜಿ, ಆಮೇಲೆ ತೆಳುವಾಗಿ ಎಣ್ಣೆ, ಕೊನೆಗೆ ಜೇನುಮೇಣ. ಅದೂ ಬೇಸಿಗೆಯಲ್ಲಿ ಮಾತ್ರ. ಪೇಂಟ್ ಅಂಗಡಿಯ ಬಾಯಿಲ್ಡ್ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ರಾಸಾಯನಿಕ ಬೆರೆಸಿರುತ್ತಾರೆ, ಬಾಯಿಗೆ ತಾಗುವ ವಸ್ತುವಿಗೆ ಅದು ಬೇಡವೇ ಬೇಡ. ಬೀಟೆ ಮರ ಉಜ್ಜುವಾಗ ಏಳುವ ಪುಡಿಯೂ ಕೆಲವರಿಗೆ ಆಗಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಇನ್ನೊಂದು, ನೀವು ಬರೆಯದೇ ಬಿಟ್ಟದ್ದು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಹರಡಿ ಹೊರಗೆ ಒಣಹಾಕಿ. ನಮ್ಮದು ಹುಲ್ಲು, ದರಗು ತುಂಬಿದ ಕೊಟ್ಟಿಗೆ ಬೇರೆ.